ಸೇವೆಗೊಂದು ಸರದಿ: ಯುವಜನರಿಗಾಗಿ ಚರಿತ್ರೆಯ ಕೆಲವು ಪುಟಗಳು



ಧರ್ಮಸಭೆಯ ಪಂಚಾಂಗದಲ್ಲಿ ಸೆಪ್ಟೆಂಬರ್ ಸೇವೆಯ ತಿಂಗಳು ಎಂದರೆ ತಪ್ಪಾಗಲಾರದು. 5ರಂದು ಕೊಲ್ಕತ್ತಾದ ಸಂತ ತೆರೇಸಾ, 9ರಂದು ಪುನೀತ ಫ್ರೆಡರಿಕ್ ಓಜಾನಮ್, 27ರಂದು ಸಂತ ವಿನ್ಸೆಂಟ್ ಡಿ ಪೌಲ್ ಇವರ ಹಬ್ಬಗಳನ್ನು ನಾವು ಆಚರಿಸುತ್ತೇವೆ. ನಮ್ಮ ಮಕ್ಕಳು ಓದುವ ಕಾಲೇಜುಗಳಲ್ಲಿ ಇದೇ ತಿಂಗಳ 24ರಂದು ರಾಷ್ಟ್ರೀಯ ಸೇವಾ ಯೋಜನೆಯ ದಿನಾಚರಣೆ ನಡೆಯುತ್ತದೆ. ಇದಲ್ಲದೆ ವಿಶ್ವಸಂಸ್ಥೆಯು 2026ನೇ ಇಸವಿಯನ್ನು ಸ್ವಯಂಸೇವಕರ ಅಂತಾರಾಷ್ಟ್ರೀಯ ವರ್ಷವೆಂದು ಸಾರಿದೆ. 2001ರಲ್ಲಿಯೂ ಹೀಗೆಯೇ ಸಾರಿತ್ತು. ಆದುದರಿಂದ ನಮ್ಮ ಯುವಕ ಯುವತಿಯರು ಆಗಾಗ ಕೇಳುವ ಒಂದು ಪ್ರಶ್ನೆಯನ್ನು ಈ ಹಬ್ಬದ ನೆಪದಲ್ಲಿ ಕೈಗೆತ್ತಿಕೊಳ್ಳುವುದು ಸೂಕ್ತವೆಂದು ತೋರುತ್ತದೆ.

"ಫಾದರ್, ಏನಾದರೂ ಸೇವೆ ಮಾಡಬೇಕು ಅಂತ ಮನಸ್ಸಿದೆ. ಎಲ್ಲಿಂದ ಶುರು ಮಾಡೋದು?"

ಪ್ರಶ್ನೆ ಚಿಕ್ಕದು. ಮನಸ್ಸಿಲ್ಲದವರು ಇದನ್ನು ಕೇಳುವುದಿಲ್ಲ. ಮನಸ್ಸಿದ್ದೂ ದಾರಿ ಕಾಣದವರು ಕೇಳುತ್ತಾರೆ. ಇದಕ್ಕೆ ನಾವು ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಚರಿತ್ರೆಯಿಂದ ಉತ್ತರ ಕೊಡುವುದು ಮೇಲು. ಏಕೆಂದರೆ ನಮಗಿಂತ ಮೊದಲು ಎಷ್ಟೋ ಮಂದಿ ಯುವಜನರು ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದಾರೆ, ಶುರುವೂ ಮಾಡಿದ್ದಾರೆ. ಅವರು ಹೇಗೆ ಶುರು ಮಾಡಿದರು ಎಂಬುದನ್ನು ನೋಡಿದರೆ ನಮ್ಮ ದಾರಿಯೂ ತಿಳಿಯಾಗುತ್ತದೆ.

ಕೋಡಿಯ ನೀರು, ತೂಬಿನ ನೀರು

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯ ಜನರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1947ರವರೆಗೆ ನಮ್ಮ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರಿತ್ತು. ಆ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಮೋಡಗಳು ಬಾಬಾಬುಡನ್ ಗಿರಿಯ ಆಚೆಗೇ ತಮ್ಮ ಹೊರೆಯನ್ನೆಲ್ಲ ಇಳಿಸಿ ಹಗುರಾಗಿ ಈ ಕಡೆಗೆ ಬರುತ್ತವೆ. ಯಗಟಿಯ ರಾಗಿ ಹೊಲ, ತೆಂಗಿನ ತೋಟಗಳಿಗೆ ಸಿಗುವುದು ಉಳಿದ ನಾಲ್ಕು ಹನಿ. ಅದಕ್ಕಾಗಿಯೇ ನಮ್ಮ ಹಿರಿಯರು ಕೆರೆ ಕಟ್ಟಿದರು. ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಬಳಿಯ ಮದಗದಕೆರೆಗಳನ್ನು ನೋಡದವರು ಈ ಭಾಗದಲ್ಲಿ ಕಡಿಮೆ.

ಕೆರೆ ಕೋಡಿ ಬಿದ್ದ ದಿನ ಊರಿಗೆಲ್ಲ ಸಂಭ್ರಮ. ಹೆಂಗಸರು ಬಾಗಿನ ಬಿಡುತ್ತಾರೆ, ಮಕ್ಕಳು ಕುಣಿಯುತ್ತಾರೆ. ಆದರೆ ಕೋಡಿಯಲ್ಲಿ ಧುಮುಕಿ ಹೋಗುವ ನೀರು ಆ ಕೆರೆಯ ಗದ್ದೆಗೆ ಸಿಕ್ಕುವ ನೀರಲ್ಲ. ಗದ್ದೆಯನ್ನು ಬದುಕಿಸುವುದು ತೂಬಿನಿಂದ ಸಣ್ಣಗೆ ಹರಿದು ಬರುವ ನೀರು. ಆ ನೀರನ್ನು ಹಂಚುವುದಕ್ಕೆ ಊರಿನಲ್ಲಿ ಒಬ್ಬ ನೀರುಗಂಟಿ ಇರುತ್ತಿದ್ದ. ಇಂದು ಈ ಗದ್ದೆಯ ಸರದಿ, ನಾಳೆ ಆ ಗದ್ದೆಯ ಸರದಿ ಎಂದು ಕಾಲುವೆಯ ಬಾಯಿ ತಿರುಗಿಸುತ್ತಿದ್ದ. ಕೊನೆಯ ಗದ್ದೆಯವನ ಪೈರು ಒಣಗದಂತೆ ನೋಡಿಕೊಳ್ಳುವುದು ಅವನ ಹೊಣೆ.

ಸೇವೆಯ ವಿಷಯದಲ್ಲಿಯೂ ನಮ್ಮಲ್ಲಿ ಕೋಡಿ ಬೀಳುವ ದಿನಗಳಿಗೆ ಕೊರತೆಯಿಲ್ಲ. ಕ್ರಿಸ್ಮಸ್ಸಿಗೆ, ದೇವಾಲಯದ ವಾರ್ಷಿಕ ಹಬ್ಬಕ್ಕೆ, ಊರ ಜಾತ್ರೆಗೆ ಯುವಕರು ಹಗಲಿರುಳು ದುಡಿಯುತ್ತಾರೆ. ಚಪ್ಪರ ಹಾಕುತ್ತಾರೆ, ನೂರಾರು ಜನರಿಗೆ ಬಡಿಸುತ್ತಾರೆ. ಕೊಡಗಿನಲ್ಲಿ 2018ರಲ್ಲಿ ಗುಡ್ಡ ಕುಸಿದಾಗ, ವಯನಾಡಿನಲ್ಲಿ 2024ರಲ್ಲಿ ಊರುಗಳೇ ಕೊಚ್ಚಿಹೋದಾಗ ನಾಡಿನ ಮೂಲೆ ಮೂಲೆಗಳಿಂದ ಅಕ್ಕಿ ಬಟ್ಟೆಗಳು ಹರಿದುಹೋದವು. ಒಳ್ಳೆಯದೇ. ಆದರೆ ಹಬ್ಬದ ಮರುದಿನ, ಪ್ರವಾಹ ಇಳಿದ ಮರುವಾರ ಏನು? "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ" ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು. ಈ ಆರಂಭಶೂರತ್ವದ ಕಷ್ಟ ಇಂದಿನ ಯುವಕರದು ಮಾತ್ರವಲ್ಲ. ನಾಲ್ಕು ನೂರು ವರ್ಷಗಳ ಹಿಂದೆ ಒಬ್ಬ ಹಳ್ಳಿಯ ಗುರುಗಳಿಗೂ ಇದೇ ಎದುರಾಯಿತು.

ಶಾಟಿಯೋನ್ ಹಳ್ಳಿಯ ಭಾನುವಾರ

1617ರ ಆಗಸ್ಟ್ ತಿಂಗಳ ಒಂದು ಭಾನುವಾರ. ಫ್ರಾನ್ಸ್ ದೇಶದ ಶಾಟಿಯೋನ್ ಎಂಬ ಸಣ್ಣ ಊರಿಗೆ ವಿನ್ಸೆಂಟ್ ಡಿ ಪೌಲರು ಧರ್ಮಕೇಂದ್ರದ ಗುರುಗಳಾಗಿ ಬಂದು ಇನ್ನೂ ಕೆಲವೇ ದಿನಗಳಾಗಿದ್ದವು. ಬಲಿಪೂಜೆಗೆ ಪೂಜಾವಸ್ತ್ರ ಧರಿಸುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಂದು, ಊರ ಹೊರಗಿನ ಒಂಟಿ ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರಿಗೊಬ್ಬರು ನೀರು ಕೊಡುವವರೂ ಇಲ್ಲ ಎಂದು ತಿಳಿಸಿದಳು. ವಿನ್ಸೆಂಟರು ಆ ದಿನದ ಪ್ರಬೋಧನೆಯಲ್ಲಿ ಈ ವಿಷಯವನ್ನು ಜನರ ಮುಂದಿಟ್ಟರು.

ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಅವರೇ ಆ ಮನೆಯ ಕಡೆಗೆ ನಡೆದಾಗ ಕಂಡದ್ದೇನು? ದಾರಿಯುದ್ದಕ್ಕೂ ಜಾತ್ರೆಯಂತೆ ಜನ. ಕೆಲವರು ರೊಟ್ಟಿ, ಮಾಂಸ, ಸಾರು ಹೊತ್ತು ಹೋಗುತ್ತಿದ್ದರು, ಕೆಲವರು ಕೊಟ್ಟು ಹಿಂದಿರುಗುತ್ತಿದ್ದರು. ಬಿಸಿಲು ತಾಳಲಾರದೆ ಹೆಂಗಸರು ದಾರಿಯ ಪಕ್ಕದಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ಬೇರೆ ಯಾವ ಗುರುಗಳಾಗಿದ್ದರೂ ತಮ್ಮ ಪ್ರಬೋಧನೆಯ ಫಲವನ್ನು ಕಂಡು ಹಿಗ್ಗಿ ಮನೆಗೆ ಹೋಗುತ್ತಿದ್ದರೇನೋ. ವಿನ್ಸೆಂಟರಿಗೆ ಸಂತೋಷದ ಜೊತೆಗೆ ಒಂದು ಚಿಂತೆಯೂ ಹುಟ್ಟಿತು. ಇಷ್ಟೊಂದು ಆಹಾರವನ್ನು ಆ ಬಡವರು ಒಂದೇ ದಿನದಲ್ಲಿ ಉಣ್ಣಲಾರರು. ಅರ್ಧ ಹಳಸಿಹೋಗುತ್ತದೆ. ನಾಳಿದ್ದು ಅವರು ಮತ್ತೆ ಹಸಿದಿರುತ್ತಾರೆ, ಆಗ ದಾರಿಯಲ್ಲಿ ಯಾರೂ ಇರುವುದಿಲ್ಲ.

ಜನರಲ್ಲಿ ಪ್ರೀತಿಗೆ ಕೊರತೆಯಿಲ್ಲ, ಪ್ರೀತಿಗೆ ಒಂದು ಏರ್ಪಾಡಿಲ್ಲ ಎಂಬುದನ್ನು ವಿನ್ಸೆಂಟರು ಅಂದು ಕಂಡುಕೊಂಡರು. ಕೆಲವೇ ದಿನಗಳಲ್ಲಿ ಊರಿನ ಕೆಲವು ಸ್ತ್ರೀಯರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿಯ ಮೇಲೆ ರೋಗಿಗಳಿಗೆ ಅಡಿಗೆ ಮಾಡಿ ಒಯ್ಯುವಂತೆ ಗೊತ್ತುಮಾಡಿದರು. ಅದೇ ವರ್ಷದ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಆ ಗುಂಪು ನಿಯಮಾವಳಿಯೊಂದಿಗೆ ವಿಧಿವತ್ತಾಗಿ ಸ್ಥಾಪನೆಯಾಯಿತು.

ಆ ನಿಯಮಾವಳಿ ಇಂದಿಗೂ ಓದತಕ್ಕದ್ದು. ಅದರಲ್ಲಿ ದೊಡ್ಡ ದೊಡ್ಡ ಮಾತುಗಳಿಗಿಂತ ಚಿಕ್ಕ ಚಿಕ್ಕ ಸಂಗತಿಗಳೇ ಹೆಚ್ಚು. ರೋಗಿಯನ್ನು ನಗುಮುಖದಿಂದ ಮಾತನಾಡಿಸಬೇಕು. ಹಾಸಿಗೆಯ ಮೇಲೆ ತಟ್ಟೆಯನ್ನು ಹೇಗಿಡಬೇಕು, ಬಟ್ಟೆ ಹೇಗೆ ಹಾಸಬೇಕು, ಊಟಕ್ಕೆ ಮೊದಲು ಕೈ ತೊಳೆಸಬೇಕು ಎಂಬುದೆಲ್ಲ ಅಲ್ಲಿದೆ. ಇನ್ನೊಂದು ಮಾತಂತೂ ಮನಸ್ಸಿಗೆ ನಾಟುವಂಥದು. ಮನೆಯಲ್ಲಿ ನೋಡಿಕೊಳ್ಳುವವರಿರುವ ರೋಗಿಯಿಂದ ಮೊದಲು ಮಾಡಿ, ಯಾರೂ ಇಲ್ಲದ ಒಂಟಿ ರೋಗಿಯ ಬಳಿಗೆ ಕಟ್ಟಕಡೆಗೆ ಹೋಗಬೇಕು. ಏಕೆ? ಅವನ ಬಳಿ ಹೆಚ್ಚು ಹೊತ್ತು ಕೂತಿರಲು ಸಾಧ್ಯವಾಗಲೆಂದು. ಅನ್ನದಷ್ಟೇ ಜೊತೆಯೂ ಬೇಕು ಎಂಬುದು ಅವರಿಗೆ ತಿಳಿದಿತ್ತು.

ಇದು ಅವರಿಗೆ ಹೊಸದಾಗಿ ಹೊಳೆದದ್ದಲ್ಲ. ಪ್ರೇಷಿತರ ಕಾಲದಲ್ಲಿಯೇ ಜೆರುಸಲೇಮಿನಲ್ಲಿ ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ದೂರು ಬಂದಿತ್ತು. ಆಗ ಪ್ರೇಷಿತರು ಜನರನ್ನು ಬೈಯಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಿ ಆ ಕೆಲಸವನ್ನು ಅವರ ಕೈಗೊಪ್ಪಿಸಿದರು. ಧರ್ಮಸಭೆಯ ಸೇವೆಯ ಚರಿತ್ರೆ ಆರಂಭವಾಗುವುದೇ ಹೀಗೆ ಒಂದು ಏರ್ಪಾಡಿನಿಂದ.

ದನ ಕಾಯುತ್ತಿದ್ದ ಹುಡುಗಿ

"ನಾವು ಹಳ್ಳಿಯವರು, ನಮಗೇನು ಬರುತ್ತದೆ?" ಎನ್ನುವವರು ಮಾರ್ಗರೇಟ್ ನಾಸೋ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಈಕೆ 1594ರಲ್ಲಿ ಪ್ಯಾರಿಸ್ ಬಳಿಯ ಸುರೆನ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ಅಮೃತಮಹಲ್ ದನಗಳ ಕಾವಲುಗಳನ್ನು ಕಂಡಿರುವ ನಮ್ಮ ಅಜ್ಜಂಪುರ ಬೀರೂರು ಕಡೆಯವರಿಗೆ ಈಕೆಯ ಬಾಲ್ಯ ಅಪರಿಚಿತವೆನಿಸದು. ಈಕೆ ದನ ಕಾಯುತ್ತಿದ್ದಳು. ಶಾಲೆಗೆ ಹೋದವಳಲ್ಲ. ಒಂದು ಅಕ್ಷರಮಾಲೆಯ ಪುಸ್ತಕ ಕೊಂಡು, ದನ ಮೇಯಿಸುತ್ತ, ದಾರಿಯಲ್ಲಿ ಹೋಗುವ ಓದುಬಲ್ಲವರನ್ನು ನಿಲ್ಲಿಸಿ "ಇದು ಯಾವ ಅಕ್ಷರ, ಈ ಪದ ಏನು" ಎಂದು ಕೇಳಿ ಕೇಳಿಯೇ ಓದು ಕಲಿತಳು.

ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗಿ ಹೆಣ್ಣುಮಕ್ಕಳಿಗೆ ಓದು ಹೇಳಿಕೊಟ್ಟಳು. ಎಷ್ಟೋ ದಿನ ಅವಳಿಗೆ ಊಟಕ್ಕೂ ಇರಲಿಲ್ಲ. ಮುಂದೆ ಪ್ಯಾರಿಸ್ ನಗರದಲ್ಲಿ ಬಡ ರೋಗಿಗಳ ಸೇವೆಗೆ ಜನ ಬೇಕಾಗಿದ್ದಾರೆಂದು ತಿಳಿದು ತಾನಾಗಿಯೇ ವಿನ್ಸೆಂಟರ ಬಳಿಗೆ ಬಂದಳು. ಶ್ರೀಮಂತ ಸ್ತ್ರೀಯರು ಮಾಡಲು ಹಿಂಜರಿದ ಕೆಲಸಗಳನ್ನು ಅವಳು ಕೈಯಾರೆ ಮಾಡಿದಳು. 1633ರಲ್ಲಿ ಪ್ಲೇಗ್ ತಗುಲಿದ್ದ ಒಬ್ಬ ಬಡ ಹೆಣ್ಣುಮಗಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು ತಾನೂ ಅದೇ ರೋಗದಿಂದ ತೀರಿಕೊಂಡಳು. ಅದೇ ವರ್ಷದ ನವೆಂಬರಿನಲ್ಲಿ ವಿನ್ಸೆಂಟರೂ ಸಂತ ಲೂಯಿಸ್ ದೆ ಮರಿಲಾಕ್ ಅವರೂ ಕೂಡಿ ಪರೋಪಕಾರದ ಪುತ್ರಿಯರ ಸಭೆಯನ್ನು ಆರಂಭಿಸಿದರು. ಮಾರ್ಗರೇಟಳನ್ನು ಆ ಸಭೆಯ ಮೊದಲ ಸೋದರಿಯೆಂದೇ ಇಂದಿಗೂ ಗೌರವಿಸುತ್ತಾರೆ.

ಸೇವೆಗೆ ಬೇಕಾದ ಬಂಡವಾಳ ಹಣವಲ್ಲ, ನಮಗೆ ಬರುವುದನ್ನು ಬಾರದವರಿಗೆ ಹೇಳಿಕೊಡುವ ಮನಸ್ಸು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಉಳಿದಿದ್ದ ಸೌದೆ

ಇನ್ನೂರು ವರ್ಷ ಮುಂದಕ್ಕೆ ಬರೋಣ. 1831ರಲ್ಲಿ ಹದಿನೆಂಟು ವರ್ಷದ ಫ್ರೆಡರಿಕ್ ಓಜಾನಮ್ ಕಾನೂನು ಓದಲು ಪ್ಯಾರಿಸಿಗೆ ಬಂದ. ಮರುವರ್ಷವೇ ಕಾಲರಾ ಬಂದು ಆ ನಗರದಲ್ಲಿ ಸಾವಿರಾರು ಜನ ಸತ್ತರು. ಓಜಾನಮ್ ಮತ್ತು ಗೆಳೆಯರು ಸೇರಿ ಚರ್ಚಾಕೂಟ ನಡೆಸುತ್ತಿದ್ದರು. ಧರ್ಮಸಭೆ ಹಿಂದೆ ಎಷ್ಟೆಲ್ಲ ಉಪಕಾರ ಮಾಡಿದೆ ಎಂದು ಇವರು ವಾದಿಸುತ್ತಿದ್ದರು. ಒಂದು ದಿನ ಎದುರು ಪಕ್ಷದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಹಿಂದಿನ ಮಾತು ಸರಿ, ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಕೇಳಿದ.

ಉತ್ತರ ಇರಲಿಲ್ಲ. ಆದರೆ ಆ ಹುಡುಗರು ಕೋಪಿಸಿಕೊಳ್ಳಲಿಲ್ಲ, ಇನ್ನೊಂದು ಭಾಷಣಕ್ಕೂ ಸಿದ್ಧರಾಗಲಿಲ್ಲ. ಓಜಾನಮ್ ಮತ್ತು ಅವನ ಗೆಳೆಯನೊಬ್ಬ ತಮ್ಮ ಕೋಣೆಯಲ್ಲಿ ಚಳಿಗಾಲ ಕಳೆದು ಉಳಿದಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ಒಂದು ಬಡ ಕುಟುಂಬಕ್ಕೆ ಕೊಟ್ಟರು. ಅವರ ಸೇವೆ ಅಲ್ಲಿಂದ ಶುರುವಾಯಿತು. 1833ರ ಏಪ್ರಿಲ್ 23ರಂದು ಆರು ಮಂದಿ ವಿದ್ಯಾರ್ಥಿಗಳು ಎಮಾನ್ಯುಯೆಲ್ ಬಾಯಿ ಎಂಬ ಹಿರಿಯ ಪತ್ರಕರ್ತರ ಕಚೇರಿಯಲ್ಲಿ ಸೇರಿದರು. ಅಂದು ಓಜಾನಮನಿಗೆ ಇಪ್ಪತ್ತನೇ ಹುಟ್ಟುಹಬ್ಬ. ಇಂದು ಸುಮಾರು 150 ದೇಶಗಳಲ್ಲಿ ಹರಡಿರುವ, 1863ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೂ ಬಂದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಮೊದಲ ಕೂಟ ಅದು.

ಅವರು ಮಾಡಿದ ಎರಡು ಕೆಲಸಗಳನ್ನು ನಮ್ಮ ಯುವಕರು ಗಮನಿಸಬೇಕು. ಒಂದನೆಯದು, ತಮಗೆ ಬಡವರ ಬದುಕು ಗೊತ್ತಿಲ್ಲ ಎಂದು ಒಪ್ಪಿಕೊಂಡು ಗೊತ್ತಿದ್ದವರನ್ನು ಕೇಳಿದರು. ಪ್ಯಾರಿಸಿನ ಅತಿ ಬಡ ಕೇರಿಯೊಂದರಲ್ಲಿ ಸೇವೆ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಅವರ ಬಳಿಗೆ ಹೋದರು. ಸಿಸ್ಟರ್ ಅವರಿಗೆ ಯಾವ ಮನೆಗೆ ಹೋಗಬೇಕೆಂದು ಪಟ್ಟಿ ಕೊಟ್ಟರು, ರೊಟ್ಟಿಯ ಚೀಟಿ ಕೊಟ್ಟರು, ಅದಕ್ಕಿಂತ ಹೆಚ್ಚಾಗಿ ಬಡವರೊಡನೆ ಹೇಗೆ ಮಾತನಾಡಬೇಕೆಂದು ಕಲಿಸಿದರು. ಹುರುಪಿನ ನೀರನ್ನು ಸರಿಯಾದ ಕಾಲುವೆಗೆ ತಿರುಗಿಸಿದ ನೀರುಗಂಟಿ ಅವರು. ಅವರನ್ನು 2003ರಲ್ಲಿ ಪುನೀತ ಪದವಿಗೇರಿಸಲಾಯಿತು. ಎರಡನೆಯದು, ಆ ವಿದ್ಯಾರ್ಥಿಗಳು ವಾರವಾರವೂ ಕೂಡಿದರು, ಇಬ್ಬಿಬ್ಬರಾಗಿ ಮನೆಗಳಿಗೆ ಹೋದರು, ಕೂಟದ ಕೊನೆಯಲ್ಲಿ ತಮ್ಮ ಜೇಬಿನ ಚಿಲ್ಲರೆಯನ್ನೇ ಒಟ್ಟುಮಾಡಿದರು. ಯೇಸುಸ್ವಾಮಿಯೂ ತಮ್ಮ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ್ದನ್ನು ಸಂತ ಲೂಕರು ಬರೆದಿದ್ದಾರಲ್ಲವೇ?

ಓಜಾನಮ್ ಮುಂದೆ ಪ್ರಾಧ್ಯಾಪಕನಾದ, ಮದುವೆಯಾದ, ಒಬ್ಬ ಮಗಳ ತಂದೆಯಾದ. 1853ರಲ್ಲಿ, ನಾಲ್ವತ್ತನೇ ವಯಸ್ಸಿನಲ್ಲಿ ತೀರಿಕೊಂಡ. ಜಗದ್ಗುರು ಎರಡನೇ ಜಾನ್ ಪೌಲರು 1997ರ ಆಗಸ್ಟ್ 22ರಂದು, ವಿಶ್ವ ಯುವಜನ ದಿನಾಚರಣೆಯ ಸಂದರ್ಭದಲ್ಲಿ, ಪ್ಯಾರಿಸಿನಲ್ಲಿಯೇ ಅವರನ್ನು ಪುನೀತರೆಂದು ಸಾರಿದರು. ಸೇವೆ ಗುರುಗಳು, ಕನ್ಯಾಸ್ತ್ರೀಯರು ಮಾತ್ರ ಮಾಡುವ ಕೆಲಸವಲ್ಲವೆಂಬುದಕ್ಕೆ ಈ ಗೃಹಸ್ಥನ ಬದುಕೇ ನಿದರ್ಶನ.

ಒಬ್ಬ ಹುಡುಗನ ಶುಕ್ರವಾರ

ಅದೇ ಸಭೆಗೆ 1918ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಹದಿನೇಳು ವರ್ಷದ ಪಿಯೆರ್ ಜಾರ್ಜಿಯೋ ಫ್ರಸ್ಸಾಟಿ ಸೇರಿದ. ಅವನ ತಂದೆ ದೊಡ್ಡ ಪತ್ರಿಕೆಯೊಂದರ ಒಡೆಯರು. ಮಗ ಗಣಿ ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಟ್ಟ ಹತ್ತುವುದರಲ್ಲಿ ಬಲು ಹುರುಪು, ಗೆಳೆಯರ ನಡುವೆ ನಗಿಸುವವನು. ಟ್ರಾಮಿಗೆ ಕೊಟ್ಟ ಹಣವನ್ನು ಬಡವರಿಗೆ ಕೊಟ್ಟು ಊಟದ ಹೊತ್ತಿಗೆ ಮನೆಗೆ ಓಡಿಬರುತ್ತಿದ್ದ. ಮನೆಯವರಿಗೆ ಇದೊಂದೂ ತಿಳಿದಿರಲಿಲ್ಲ.

1925ರ ಬೇಸಿಗೆಯಲ್ಲಿ ಅವನಿಗೆ ಪೋಲಿಯೋ ತಗುಲಿತು. ಬಹುಶಃ ತಾನು ನೋಡಿಕೊಳ್ಳುತ್ತಿದ್ದ ರೋಗಿಗಳಿಂದಲೇ ಬಂದಿರಬೇಕು. ಜುಲೈ 3, ಶುಕ್ರವಾರ. ಶುಕ್ರವಾರ ಅವನು ಬಡವರ ಮನೆಗಳಿಗೆ ಹೋಗುವ ದಿನ. ಕಾಲು ಸ್ವಾಧೀನದಲ್ಲಿಲ್ಲ, ಕೈಯೂ ನಡುಗುತ್ತಿದೆ. ಆ ನಡುಗುವ ಕೈಯಲ್ಲೇ ಗೆಳೆಯನೊಬ್ಬನಿಗೆ ಚೀಟಿ ಬರೆದ. ಒಬ್ಬ ಬಡ ರೋಗಿಗೆ ಈ ಇಂಜೆಕ್ಷನ್ ತಲುಪಿಸಬೇಕು, ಇನ್ನೊಬ್ಬನ ಗಿರವಿ ಚೀಟಿಯನ್ನು ತನ್ನ ಲೆಕ್ಕದಲ್ಲಿ ನವೀಕರಿಸಬೇಕು ಎಂದು. ಮರುದಿನ ಪ್ರಾಣ ಬಿಟ್ಟ. ಶವಯಾತ್ರೆಗೆ ಟ್ಯೂರಿನ್ನಿನ ಬಡವರು ಸಾವಿರಗಟ್ಟಲೆ ಬಂದು ಬೀದಿ ತುಂಬಿದಾಗಲೇ ತಂದೆತಾಯಿಗೆ ತಮ್ಮ ಮಗ ಯಾರೆಂದು ತಿಳಿದದ್ದು.

ಅವನು ಸಾಯುವ ಹಿಂದಿನ ದಿನ ಬರೆದದ್ದು ಉಪದೇಶವನ್ನಲ್ಲ, ತನ್ನ ಸರದಿಯನ್ನು ಇನ್ನೊಬ್ಬನಿಗೆ ಒಪ್ಪಿಸುವ ಚೀಟಿಯನ್ನು. ಜಗದ್ಗುರು ಹದಿನಾಲ್ಕನೇ ಲಿಯೋ ಅವರು 2025ರ ಸೆಪ್ಟೆಂಬರ್ 7ರಂದು ಈ ಯುವಕನನ್ನು ಸಂತರ ಸಾಲಿಗೆ ಸೇರಿಸಿದರು. ಅದೇ ದಿನ ಹದಿನೈದನೇ ವಯಸ್ಸಿನಲ್ಲಿ ತೀರಿಕೊಂಡ ಕಾರ್ಲೋ ಅಕುತಿಸನನ್ನೂ ಸಂತನೆಂದು ಸಾರಿದರು.

ನಮ್ಮ ಕನ್ನಡ ನಾಡಿನ ಪುಟಗಳು

ಇವೆಲ್ಲ ದೂರದ ಫ್ರಾನ್ಸು ಇಟಲಿಗಳ ಮಾತು ಎನ್ನಬೇಡಿ. ನಮ್ಮ ನಾಡಿನಲ್ಲಿಯೂ ದಾಸೋಹವೆಂಬ ಮಾತು ಹನ್ನೆರಡನೇ ಶತಮಾನದಿಂದ ಬಾಳಿಬಂದಿದೆ. ಇನ್ನು ಸ್ವಯಂಸೇವಕರಿಗೆ ತರಬೇತಿ ಬೇಕು ಎಂಬ ವಿಚಾರವನ್ನು ಇಡೀ ದೇಶಕ್ಕೆ ಕಲಿಸಿಕೊಟ್ಟವರು ಒಬ್ಬ ಕನ್ನಡಿಗರು.

ಮೊದಲು 1901ರ ಕಲ್ಕತ್ತೆಗೆ ಹೋಗೋಣ. ಅಂದಿನ ಕಾಂಗ್ರೆಸ್ ಅಧಿವೇಶನಕ್ಕೆ ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಗಾಂಧೀಜಿ ಅಲ್ಲಿನ ಸ್ವಯಂಸೇವಕರ ಪರಿಯನ್ನು ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಒಬ್ಬನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ, ಇನ್ನೊಬ್ಬ ಮತ್ತೊಬ್ಬನಿಗೆ ದಾಟಿಸುತ್ತಿದ್ದ. ಶೌಚದ ಜಾಗ ಕಾಲಿಡಲಾಗದಷ್ಟು ಹೊಲಸಾಗಿತ್ತು. ಅದನ್ನು ತೋರಿಸಿದರೆ, ಅದು ನಮ್ಮ ಕೆಲಸವಲ್ಲ, ಜಾಡಮಾಲಿಯ ಕೆಲಸ ಎಂಬ ಉತ್ತರ ಬಂತು. ಗಾಂಧೀಜಿ ಒಂದು ಪೊರಕೆ ಕೇಳಿ ಪಡೆದು ತಾವೇ ಚೊಕ್ಕಟ ಮಾಡಿದರು. ಆ ಹುಡುಗರು ಕೆಟ್ಟವರಲ್ಲ. ವರ್ಷಕ್ಕೆ ಮೂರು ದಿನದ ಸೇವೆ, ಉಳಿದ ದಿನ ನಿದ್ದೆ. ಕಲಿಸಿದವರೂ ಇಲ್ಲ, ಕಲಿತವರೂ ಇಲ್ಲ.

ಈ ಕೊರತೆಯನ್ನು ನೀಗಲು ಹೊರಟವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. 1889ರಲ್ಲಿ ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೂ ಹೋಗಿ ಬಂದ ಅವರು ಹುಬ್ಬಳ್ಳಿಯಲ್ಲಿ ನೆಲೆನಿಂತು ಯುವಕರನ್ನು ಕೂಡಿಸಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಅವರ ತಂಡ ಸೆರೆಮನೆಯ ಕಷ್ಟಕ್ಕೆ ಅಂಜಿ ಕ್ಷಮಾಪಣೆ ಬರೆದುಕೊಡಲಿಲ್ಲ. ಶಿಸ್ತು ಕಲಿತವರಿಗೂ ಕಲಿಯದವರಿಗೂ ಇರುವ ವ್ಯತ್ಯಾಸ ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅಧ್ಯಕ್ಷರಾದರೂ ಅದರ ಬೆನ್ನೆಲುಬು ಹರ್ಡೀಕರರು, ಅದರ ನೆಲೆ ಹುಬ್ಬಳ್ಳಿ.

ಪರೀಕ್ಷೆಯ ದಿನ ಮರುವರ್ಷವೇ ಬಂತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ. ನೀರಿಗಾಗಿ ಅಂದು ತೋಡಿದ ಬಾವಿಯನ್ನು ಕಾಂಗ್ರೆಸ್ ಬಾವಿ ಎಂದು ಇಂದಿಗೂ ಕರೆಯುತ್ತಾರೆ. ಸ್ವಯಂಸೇವಕರ ಹೊಣೆ ಹರ್ಡೀಕರರದು. ನೈರ್ಮಲ್ಯದ ಕೆಲಸದ ಮೇಲ್ವಿಚಾರಣೆ ಕಾಕಾ ಕಾಲೇಲ್ಕರ್ ಅವರದು. ಕಲ್ಕತ್ತೆಯಲ್ಲಿ ಹುಡುಗರು ಮುಟ್ಟಲು ಹೇಸಿದ ಪೊರಕೆಯನ್ನು ಬೆಳಗಾವಿಯಲ್ಲಿ ಮೇಲುಜಾತಿಯ ಹುಡುಗರೂ ಹಿಡಿದರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಊರೂರು ತಿರುಗಿ 150ಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಆ ಕಾಲದಲ್ಲಿ ಮನೆಯ ಹೊಸಿಲು ದಾಟದಿದ್ದ ವಿಧವೆಯರೂ ಅವರಲ್ಲಿದ್ದರು. ಉಮಾಬಾಯಿಯವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. 1934ರ ಬಿಹಾರ ಭೂಕಂಪದಲ್ಲಿ ಸಂತ್ರಸ್ತರ ಸೇವೆಗೆ ಹೋದವರಲ್ಲಿ ಅವರೂ ಒಬ್ಬರು.

ಇಪ್ಪತ್ತಮೂರು ವರ್ಷಗಳಲ್ಲಿ ಇಷ್ಟು ಬದಲಾವಣೆ ಹೇಗಾಯಿತು? ಹೊಸ ಹುರುಪಿನಿಂದಲ್ಲ. ಹುರುಪು ಕಲ್ಕತ್ತೆಯಲ್ಲಿಯೂ ಇತ್ತು. ಅಧಿವೇಶನಕ್ಕೆ ಮೊದಲೇ ಕಲಿತದ್ದರಿಂದ, ಪ್ರತಿಯೊಬ್ಬನಿಗೂ ಅವನವನ ಕೆಲಸ ಗೊತ್ತಿದ್ದುದರಿಂದ.

ಸ್ವಾತಂತ್ರ್ಯ ಬಂದ ಮೇಲೆ ಈ ಪಾಠ ಕಾಲೇಜಿಗೆ ಬಂತು. ಗಾಂಧೀಜಿಯವರ ಜನ್ಮಶತಮಾನದ ವರ್ಷ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವರೂ ಬಳ್ಳಾರಿಯ ಲೋಕಸಭಾ ಸದಸ್ಯರೂ ಆಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಮೊದಲ ವರ್ಷ ಸೇರಿದ ವಿದ್ಯಾರ್ಥಿಗಳು ಸುಮಾರು 40,000. ಈ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರ ಬೇರೆ. ಶಿಬಿರ ಎಲ್ಲರಿಗೂ ನೆನಪಿರುತ್ತದೆ, ಅಲ್ಲಿ ಹಾಡು ಕುಣಿತ ಇರುತ್ತದಲ್ಲ! ಆದರೆ 120 ಗಂಟೆ ಎಂದರೇನೆಂದು ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡೂಕಾಲು ಗಂಟೆಯಷ್ಟು. ಯಾವ ಹುಡುಗನ ಓದೂ ಇದರಿಂದ ಕೆಡುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡೋಣ?

ಇಷ್ಟೂ ಪುಟಗಳನ್ನು ತಿರುವಿದ ಮೇಲೆ ಉತ್ತರ ತಾನಾಗಿಯೇ ತಿಳಿಯುತ್ತದೆ.

ಮೊದಲನೆಯದಾಗಿ, ಹತ್ತಿರದಿಂದ ಶುರುಮಾಡಿ. ಓಜಾನಮ್ ತನ್ನ ಕೋಣೆಯ ಸೌದೆಯಿಂದ ಶುರುಮಾಡಿದ. ನಮ್ಮ ಬಯಲುಸೀಮೆಯ ಹಳ್ಳಿಗಳನ್ನು ನೋಡಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಮಲೆನಾಡಿನ ತೋಟಗಳಿಗೋ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜ ಅಜ್ಜಿ. ಅವರ ಸಂಧ್ಯಾ ಸುರಕ್ಷಾ ಪಿಂಚಣಿ ಯಾವುದೋ ಆಧಾರ್ ತೊಡಕಿನಿಂದ ನಿಂತುಹೋದರೆ ನಾಡಕಚೇರಿಗೆ ಅಲೆಯುವ ಶಕ್ತಿ ಅವರಿಗಿಲ್ಲ, ಅರ್ಜಿ ಓದಲು ಕಣ್ಣಿಲ್ಲ. ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಹುಡುಗಿಯೊಬ್ಬಳು ಅರ್ಧ ದಿನ ಅವರ ಜೊತೆಗೆ ಹೋದರೆ ಸಾಕು. ಮಾರ್ಗರೇಟ್ ನಾಸೋ ಮಾಡಿದ್ದೂ ಇಂಥದೇ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಅಲ್ಲಿ ಚಿಕ್ಕ ಮಕ್ಕಳಿಗೆ ಓದಿ ಹೇಳಬಹುದು, ಲೆಕ್ಕ ಬಾರದವರಿಗೆ ಮಗ್ಗಿ ಹೇಳಿಕೊಡಬಹುದು. ಹದಿನೆಂಟು ತುಂಬಿ, ತೂಕ 45 ಕಿಲೋ ಇದ್ದು ಆರೋಗ್ಯವಾಗಿರುವವರು ರಕ್ತದಾನ ಮಾಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಲು ಅವಕಾಶವಿದೆ. ಇದೂ ಒಂದು ಸರದಿಯೇ.

ಎರಡನೆಯದಾಗಿ, ಕೇಳಿ ಕಲಿಯಿರಿ. ಸಿಸ್ಟರ್ ರೊಸಾಲಿಯಂಥವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಗೊತ್ತು. ಶಾಲೆಯ ಮೇಷ್ಟ್ರಿಗೆ ಯಾವ ಮಗು ಶಾಲೆ ಬಿಡುವ ಅಂಚಿನಲ್ಲಿದೆ ಎಂದು ಗೊತ್ತು. ಅವರ ಬಳಿ ಹೋಗಿ "ನಾನೇನು ಮಾಡಲಿ?" ಎಂದು ಕೇಳಿ. ನಮಗೆ ತೋಚಿದ್ದನ್ನು ಕೊಡುವುದು ಸುಲಭ, ಅವರಿಗೆ ಬೇಕಾದದ್ದನ್ನು ಕೊಡಲು ಮೊದಲು ಕೇಳಬೇಕು.

ಮೂರನೆಯದಾಗಿ, ಒಂಟಿಯಾಗಿ ಹೋಗಬೇಡಿ. ಇಬ್ಬರು ಕೂಡಿ ಹೋಗಿ, ಮನೆಯವರಿಗೆ ತಿಳಿಸಿ ಹೋಗಿ. ಒಬ್ಬನಿಗೆ ಬೇಸರ ಬಂದಾಗ ಇನ್ನೊಬ್ಬ ಎಬ್ಬಿಸುತ್ತಾನೆ. ಜಾತಿ ಮತ ನೋಡಬೇಡಿ. ಗೆಳೆಯ ಬೇರೆ ಧರ್ಮದವನಾದರೆ ಇನ್ನೂ ಒಳ್ಳೆಯದು. ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಕುಲ ಕೇಳಲಿಲ್ಲ.

ನಾಲ್ಕನೆಯದಾಗಿ, ಮತ್ತು ಮುಖ್ಯವಾಗಿ, ಒಂದು ದಿನ ಗೊತ್ತುಮಾಡಿಕೊಳ್ಳಿ. ಚಿಕ್ಕದಾಗಿರಲಿ, ತಪ್ಪದಿರಲಿ. ಶನಿವಾರ ಸಂಜೆ ಒಂದು ಗಂಟೆ ಎಂದರೆ ಶನಿವಾರ ಸಂಜೆ ಒಂದು ಗಂಟೆ. ನೀವು ಬರುವ ದಿನವನ್ನು ಒಬ್ಬ ಅಜ್ಜಿ ಎಣಿಸುತ್ತ ಕುಳಿತಿರುತ್ತಾರೆ. ನೀವು ಹೋಗದ ಶನಿವಾರ ಅವರ ಪಾಲಿಗೆ ಮೊದಲಿಗಿಂತ ಖಾಲಿ. ಪರೀಕ್ಷೆಯೋ ಜ್ವರವೋ ಬಂದರೆ, ಫ್ರಸ್ಸಾಟಿಯಂತೆ ಇನ್ನೊಬ್ಬರಿಗೆ ಒಪ್ಪಿಸಿ. ಪಟ ತೆಗೆದು ಹತ್ತು ಜನರಿಗೆ ಕಳುಹಿಸುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂದು ಪ್ರಭು ಹೇಳಿದ್ದು ಮೊಬೈಲ್ ಹಿಡಿದ ಕೈಗೂ ಅನ್ವಯಿಸುತ್ತದೆ.

ತಂದೆತಾಯಿಯರಲ್ಲಿಯೂ ಒಂದು ಮಾತು. "ಮೊದಲು ಓದು, ಕೆಲಸ ಸಿಗಲಿ, ಆಮೇಲೆ ಸಮಾಜಸೇವೆ" ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಓಜಾನಮ್ ಕೆಲಸ ಸಿಕ್ಕ ಮೇಲೆ ಶುರುಮಾಡೋಣವೆಂದು ಕಾದಿರಲಿಲ್ಲ. ಫ್ರಸ್ಸಾಟಿಗೆ ಆ ಆಮೇಲೆ ಬರಲೇ ಇಲ್ಲ. ಮಕ್ಕಳು ವಾರಕ್ಕೆ ಒಂದು ಗಂಟೆ ಕೇಳಿದರೆ ಬೇಡವೆನ್ನಬೇಡಿ. ಸಾಧ್ಯವಾದರೆ ನೀವೇ ಮೊದಲ ಶನಿವಾರ ಜೊತೆಗೆ ಹೋಗಿ ದಾರಿ ತೋರಿಸಿ. ನಮ್ಮ ಧರ್ಮಕೇಂದ್ರಗಳ ಹಿರಿಯರೂ ಗುರುಗಳೂ ಮಾಡಬೇಕಾದದ್ದು ಇಷ್ಟೇ. ಹುರುಪಿನಿಂದ ಬಂದ ಹುಡುಗನ ಕೈಗೆ ಒಂದು ಹೆಸರು, ಒಂದು ಮನೆ, ಒಂದು ದಿನ ಕೊಡುವುದು. ಮುಂದಿನ ವಾರ "ಹೋಗಿದ್ದೆಯಾ ಮಗು?" ಎಂದು ವಿಚಾರಿಸುವುದು.

ಶಾಟಿಯೋನಿನ ಆ ಭಾನುವಾರ ದಾರಿ ತುಂಬ ಜನರಿದ್ದರು. ಅವರಲ್ಲಿ ಯಾರ ಹೆಸರೂ ಸಂತರ ಪಟ್ಟಿಗೆ ಬರಲಿಲ್ಲ. ಆದರೆ ಮರುದಿನವೂ, ಅದರ ಮರುದಿನವೂ ಸಾರಿನ ಪಾತ್ರೆ ಹಿಡಿದು ಹೋದ ಕೆಲವೇ ಹೆಂಗಸರಿಂದ ಆ ಮನೆಯವರು ಬದುಕಿಕೊಂಡರು. ಈ ಹಬ್ಬದ ದಿನ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ, ನಮ್ಮ ಊರಿನ ಯಾವ ಮನೆಗೆ ನಮ್ಮ ಸರದಿ ಎಂದು ನಾವೆಲ್ಲರೂ ಒಮ್ಮೆ ಕೇಳಿಕೊಳ್ಳೋಣ. ಸಂತ ವಿನ್ಸೆಂಟ್ ಡಿ ಪೌಲರ ಪ್ರಾರ್ಥನೆಯ ಫಲವಾಗಿ ಪ್ರಭುವು ನಮ್ಮ ಯುವಜನರ ಕೈಕಾಲುಗಳಿಗೆ ಬಲವನ್ನೂ ಮನಸ್ಸಿಗೆ ತಾಳ್ಮೆಯನ್ನೂ ಅನುಗ್ರಹಿಸಲಿ.